ಬೊಂಬೆ ಬಾಗಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವತ್ತು ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಯ ವರಾಂಡದಲ್ಲಿ ಎರಡು ಗೋಣಿಚೀಲ ಸುರಿದುಕೊಂಡು ಕೂತಿದ್ದೆ. ಹೋದ ವರ್ಷಗಳ ಪಂಚಾಂಗ, ಟೆಲಿಫೋನ್ ಡೈರೆಕ್ಟರಿ, ಅರ್ಧ ಹರಿದ ಎಸ್ಸೆಸ್ಸೆಲ್ಸಿ ಗೈಡು. ಮಕ್ಕಳು ಓದುವಂಥದ್ದು ಒಂದೂ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಮಂಡಿ ಮೊಹಲ್ಲಾದ ಒಂದು ಸಣ್ಣ ಶಾಲೆಯಲ್ಲಿ ನಾನು ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಅಲ್ಲೊಬ್ಬ ಹುಡುಗಿ ಪಠ್ಯಪುಸ್ತಕವನ್ನು ಅರಳು ಹುರಿದ ಹಾಗೆ ಓದುತ್ತಿದ್ದಳು. ಒಂದು ದಿನ ಓದುತ್ತ ಓದುತ್ತ ಎರಡು ಹಾಳೆ ಒಟ್ಟಿಗೆ ಮಗುಚಿದಳು. ಪಾಠದಲ್ಲಿ ಮಾತ್ರ ಒಂದು ಸಾಲೂ ತಪ್ಪಲಿಲ್ಲ! ಎಲ್ಲ ಬಾಯಿಪಾಠ. ಅಕ್ಷರ ಬರುತ್ತಿತ್ತು, ಕೂಡಿಸಿ ಓದುವ ಕಷ್ಟವನ್ನೇ ಅವಳು ಪಟ್ಟಿರಲಿಲ್ಲ.

ಅದೇ ವಾರ, ಊರಿಂದ ಬಂದ ಕಾಗದ ಓದು ಎಂದು ತಾಯಿ ಕೊಟ್ಟರೆ ಮಿಕಮಿಕ ನೋಡಿದಳಂತೆ. ಮನೆಯಲ್ಲಿ ಊದುಬತ್ತಿ ಹೊಸೆದು ಬದುಕುವ ಆ ತಾಯಿ, ಮಸಿ ಮೆತ್ತಿದ ಕೈಯಲ್ಲೇ ಶಾಲೆಗೆ ಬಂದಳು.

"ಮೂರು ವರ್ಸ ನನ್ನ ಯಾಮಾರ್ಸವ್ಳೆ ಮಿಸ್. ದಸರಾ ರಜ ಆದ್ಮೇಲೆ ಕಳ್ಸಲ್ಲ. ನನ್ ಜೊತೆ ಬತ್ತಿ ಹೊಸೀಲಿ ಬುಡಿ."

ಹುಡುಗಿಗೆ ಬೇಕಾದದ್ದು ಬಾಯಿಪಾಠ ಮಾಡಿರದ ಪುಸ್ತಕ. ನಮ್ಮ ಶಾಲೆಯಲ್ಲಿ ಕಥೆಪುಸ್ತಕ ಒಂದೂ ಇರಲಿಲ್ಲ. ಹಾಗಾಗಿ 'ಹಳೆಯ ಪುಸ್ತಕಗಳಿದ್ದರೆ ದಯವಿಟ್ಟು ಕೊಡಿ' ಎಂದು ಚೀಟಿ ಬರೆದು ಬೀದಿಯ ಮನೆಗಳಿಗೆಲ್ಲ ಹಂಚಿದೆ. ಬಂದದ್ದು ಈ ಎರಡು ಚೀಲ.

ಎದುರು ಮನೆಯ ಅಜ್ಜಿ ಗೇಟು ದಾಟಿ ಬಂದರು. ಹಣೆ ತುಂಬ ವಿಭೂತಿ, ಮಂಡಿನೋವಿನ ನಡಿಗೆ. ನನ್ನ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ ನಕ್ಕರು.

"ಹಳೇದು ಕೊಡಿ ಅಂತ ನೀನೇ ಬರ್ದಿದ್ದೀಯಲ್ಲ ಕಣಮ್ಮ. ಹಳೇದು ಕೇಳಿದ್ರೆ ತಂಗಳೇ ಬರೋದು. ಬಾಗಿನ ಅಂತ ಕೇಳು. ಬಾಗಿನಕ್ಕೆ ಯಾರಾದ್ರೂ ಹರಿದಿದ್ದು ಕೊಡ್ತಾರಾ?"

ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ಮನೆಗಳಿಗೆ ಮಕ್ಕಳು ಹಿಂಡು ಹಿಂಡಾಗಿ ನುಗ್ಗುವುದು, ಮನೆಯವರು ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಬೊಂಬೆ ಬಾಗಿನವೆಂದು ಕೈಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಈ ಸಲ ಅದರ ಜೊತೆ ಒಂದೊಂದು ಕಥೆಪುಸ್ತಕ, ನೋಡಲು ಬರುವವರು ನಮ್ಮ ಶಾಲೆಯ ಮಕ್ಕಳು. ಇದು ಅಜ್ಜಿಯ ಲೆಕ್ಕಾಚಾರ. ಓದಿ ಡಿಗ್ರಿ ತೆಗೆದುಕೊಂಡ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಆ ಮಂಡಿ ಹೊತ್ತುಕೊಂಡು ಅಜ್ಜಿ ಹತ್ತದ ಮೆಟ್ಟಿಲಿಲ್ಲ. ಒಂದು ಮನೆಯಲ್ಲಿ "ಯಾವ ಜನದ ಮಕ್ಕಳು?" ಎಂದು ರಾಗ ಎಳೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ಬೊಂಬೆಗಳೇ ಕೇಳಲ್ಲ ಕಣ್ರೀ, ನಿಮಗ್ಯಾಕೆ?" ಎಂದರು. ಆ ಮನೆಯಿಂದಲೇ ಎಲ್ಲರಿಗಿಂತ ಹೆಚ್ಚು ಪುಸ್ತಕ ಬಂತು. ಅಜ್ಜಿಯನ್ನು ನಾನು ಇವತ್ತಿಗೂ ಮೆಚ್ಚುವುದು ಆ ಒಂದು ಮಾತಿಗೆ.

ರಜೆಯಲ್ಲಿ ಒಂದು ಮಧ್ಯಾಹ್ನ ಮಕ್ಕಳನ್ನು ಸಿಟಿ ಬಸ್ಸಿನಲ್ಲಿ ಕರೆತಂದೆ. ಮಗಳನ್ನು ಒಬ್ಬಳನ್ನೇ ಕಳಿಸಲು ಒಪ್ಪದೆ ಆ ತಾಯಿಯೂ ಬಂದಿದ್ದಳು. "ಬೊಂಬೆ ಕೂರ್ಸಿದ್ದೀರಾ?" ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಕೂಗಿದ್ದಕ್ಕೆ ಬೀದಿಯ ನಾಯಿಗಳೂ ಎದ್ದು ನಿಂತವು.

ಅಜ್ಜಿಯ ಮನೆಯಲ್ಲಿ ಹುಡುಗಿಗೆ ಸಿಕ್ಕಿದ್ದು ಮೇಕೆಯೊಂದರ ಕಥೆ. ಹೊಸ ಪುಸ್ತಕ, ಹಾಳೆಗಳು ಇನ್ನೂ ಅಂಟಿಕೊಂಡಿದ್ದವು. ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು, "ನನ್ನ ಕನ್ನಡಕ ಒಳಗಿದೆ. ನೀನೇ ಓದಿ ಹೇಳವ್ವ," ಎಂದರು. ಕನ್ನಡಕ ಅವರ ಸೆರಗಿನ ಮರೆಯಲ್ಲೇ ಇತ್ತು.

ಹುಡುಗಿ ತಾಯಿಯ ಕಡೆ ನೋಡಿದಳು, ಬೊಂಬೆಗಳ ಕಡೆ ನೋಡಿದಳು. ಕೊನೆಗೆ ಬೆರಳಿಟ್ಟಳು. "ಮೇ... ಕೆ... ಮೇಕೆಗೆ... ಹ, ಸಿ... ಹಸಿ... ಹಸಿವು!" ನಾನು ತಿದ್ದಲು ಬಗ್ಗಿದೆ. ಅಜ್ಜಿ ನನ್ನ ತೊಡೆ ಚಿವುಟಿದರು. ಎರಡು ಸಾಲು ಮುಗಿಯುವಷ್ಟರಲ್ಲಿ ನಮ್ಮ ಕಾಫಿ ಆರಿಹೋಗಿತ್ತು.

ಇಷ್ಟು ತಡವರಿಸಿದ್ದಕ್ಕೆ ತಾಯಿ ಇನ್ನೇನು ಅನ್ನುತ್ತಾಳೋ ಎಂದು ಬಾಗಿಲ ಕಡೆ ತಿರುಗಿದೆ. ಅವಳು ಬಾಗಿಲಿನಿಂದ ಒಳಗೆ ಬಂದು ಪುಸ್ತಕ ಮುಟ್ಟಿ ನೋಡಿದಳು.

"ಇದು ಸ್ಕೂಲಿಂದಲ್ವಾ ಮಿಸ್?"

"ಅಲ್ಲ. ಇವತ್ತೇ ಮೊದಲು ನೋಡ್ತಿರೋದು."

"ಅಂಗಾದ್ರೆ ದಿಟವಾಗ್ಲೂ ಓದ್ತಾವ್ಳೆ," ಎಂದು ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಇನ್ನೊಂದ್ ಸಾಲು ಓದು ಮಗ."

ರಜೆ ಮುಗಿದ ದಿನ ಹುಡುಗಿ ಎಲ್ಲರಿಗಿಂತ ಮೊದಲು ಬಂದಿದ್ದಳು. ಮೇಕೆಯ ಪುಸ್ತಕಕ್ಕೆ ಊದುಬತ್ತಿ ಪ್ಯಾಕೆಟ್ಟಿನ ಕಾಗದದಲ್ಲಿ ಬೈಂಡ್ ಹಾಕಿತ್ತು. ಬೈಂಡ್ ಹಾಕಿದ್ದು ಅವ್ವ ಎಂದಳು.