ಟೇಲರ್ ಹಿಂದಕ್ಕೆ ಬಿಟ್ಟದ್ದು

ನನಗಾಗ ಐವತ್ತೆಂಟು. ಐದು ವರ್ಷದ ಹಿಂದಿನ ಮಾತು. ಯಜಮಾನನ ಕಣ್ಣು ಮಂಜಾಗಿ, ಅವನ ಟ್ರ್ಯಾಕ್ಟರ್ ಲೈಸೆನ್ಸ್ ಇನ್ನು ಮುಂದುವರಿಯುವುದಿಲ್ಲ ಎಂದು ಆರ್‌ಟಿಒ ಆಫೀಸಿನವರು ಹೇಳಿಬಿಟ್ಟಿದ್ದರು. ಬಾಡಿಗೆ ಡ್ರೈವರ್ ಕರೆದರೆ ಬರುವುದಿಲ್ಲ, ಬಂದರೆ ಗೇರು ಮುರಿಯುವ ಹಾಗೆ ಓಡಿಸುತ್ತಾನೆ. ಹೊಲದಲ್ಲಿ ನಾನು ಎಷ್ಟೋ ವರ್ಷದಿಂದ ಟ್ರ್ಯಾಕ್ಟರ್ ಹೊಡೆದವಳು, ಅಲ್ಲಿ ಕೇಳುವವರಿಲ್ಲ. ಆದರೆ ಹಿಂದೆ ಟೇಲರ್ ಕಟ್ಟಿ, ಮೆಕ್ಕೆಜೋಳ ತುಂಬಿ, ನಮ್ಮ ಕೋಗಳಿಯಿಂದ ಕೊಟ್ಟೂರಿನ ಮಾರುಕಟ್ಟೆಗೆ ಹೋಗಬೇಕಾದರೆ ಲೈಸೆನ್ಸ್ ಬೇಕು. ನಾನೇ ಮಾಡಿಸುತ್ತೇನೆ ಎಂದೆ.

“ಸಹಿ ಮಾಡಾಕ ಅರ್ಧ ತಾಸು ಬೇಕು ನಿನಗ. ಲೈಸೆನ್ಸ್ ಅಂತ, ಲೈಸೆನ್ಸ್!” ಎಂದ ಯಜಮಾನ.

“ಸ್ಟೇರಿಂಗ್ ಮ್ಯಾಲೇನು ಸಹಿ ಮಾಡ್ತಾರ? ಸುಮ್ಮನ ಕುಂದ್ರು.”

ಮೊದಲು ಕಂಪ್ಯೂಟರಿನಲ್ಲಿ ರಸ್ತೆಯ ಚಿತ್ರ ತೋರಿಸಿ ಕೇಳಿದರು. ಚಿತ್ರಕ್ಕೆ ಅಕ್ಷರ ಬೇಡ, ಪಾಸಾದೆ. ಆಮೇಲೆ ಮೈದಾನದಲ್ಲಿ ಓಡಿಸಿ ತೋರಿಸುವ ದಿನ ಬಂತು.

“ಆ ಎರಡು ಕಂಬದ ನಡುವ ಟೇಲರ್ ಸಮೇತ ಹಿಂದಕ್ಕ ಬಿಡ್ರಿ ಅವ್ವಾ. ಕಂಬಕ್ಕ ತಾಗಿಸಿದ್ರ ಫೇಲ್ ನೋಡ್ರಿ,” ಎಂದರು ಸಾಹೇಬರು.

ಟೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುವಬೇಕು. ಚಕ್ಕಡಿಯೂ ಹಾಗೇ: ಎತ್ತು ಒಂದು ಕಡೆ ಸರಿದರೆ ಗಾಡಿಯ ಹಿಂಭಾಗ ಇನ್ನೊಂದು ಕಡೆ. ಅದೇ ನೆನಪಿನಲ್ಲಿ ಬಾಯಿತಪ್ಪಿ “ಹೋ… ಹೋ… ಹಿಂದಕ್ಕ ಸರಿ” ಎಂದುಬಿಟ್ಟೆ. ಸುತ್ತ ನಿಂತವರೆಲ್ಲ ನಕ್ಕರು.

“ಇಂಜಿನ್‌ಗೆ ಕಿವಿ ಅದಾವೇನ್ರಿ ಅವ್ವಾ?” ಎಂದರು ಸಾಹೇಬರು.

“ಮಾತು ಕೇಳಾಕತ್ತೈತಿ, ನೋಡ್ರಿ!”

ಟೇಲರ್ ಎರಡೂ ಕಂಬದ ನಡುವೆ ನೆಟ್ಟಗೆ ಹೋಗಿ ನಿಂತಿತು. ಸಾಹೇಬರು ಪಾಸ್ ಎಂದು ಬರೆದುಕೊಂಡು, ಟೇಲರ್ ಬದಿಗೆ ಬಣ್ಣದಲ್ಲಿ ಬರೆದ ತೂಕ ತೋರಿಸಿದರು. ಅದಕ್ಕಿಂತ ಹೆಚ್ಚು ಹೇರಬಾರದು, ಮೇಲೆ ಮಂದಿಯನ್ನು ಕೂರಿಸಬಾರದು, ಹಿಡಿದರೆ ಲೈಸೆನ್ಸ್ ಕಾರ್ಡಿಗೇ ಕುತ್ತು ಎಂದರು. ಅಕ್ಷರ ನಾನು ಕೂಡಿಸಿ ಕೂಡಿಸಿ ಓದಬೇಕು, ಅಂಕಿ ಹಾಗಲ್ಲ.

ಅಂಚೆಯಲ್ಲಿ ಕಾರ್ಡು ಬಂದ ದಿನ ಯಜಮಾನ ಓಣಿಯ ತುಂಬ ತೋರಿಸಿಕೊಂಡು ಬಂದ. ಸಂಜೆ ನೋಡಿದರೆ ಟೇಲರ್ ತುಂಬಿಸಿಟ್ಟಿದ್ದಾನೆ. ಚೀಲಗಳು ಬದಿಯ ಹಲಗೆ ದಾಟಿ ಮೇಲಕ್ಕೆ ಹೋಗಿವೆ.

“ಇದೇನಿದು?”

“ಲೈಸೆನ್ಸ್ ಬಂತಲ್ಲಲೇ, ಇನ್ನ್ಯಾರು ಹಿಡಿತಾರ? ನಾನೂ ಚೀಲದ ಮ್ಯಾಲ ಕುಂತು ಬರ್ತೀನಿ.”

“ಲೈಸೆನ್ಸ್ ನನಗ ಬಂದೈತಿ, ನಿನ್ನ ಚೀಲಕ್ಕಲ್ಲ. ನಾ ಗಳಿಸಿದ್ದನ್ನ ನೀ ಕಳಿಯಾಕ ನಿಂತೀಯೇನು?”

ಅವನು ಮುಖ ಊದಿಸಿಕೊಂಡು ಮಲಗಿದ. ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಗ್ಗೆ ಮೇಲಿನ ಚೀಲಗಳನ್ನು ಅವನ ಕೈಯಿಂದಲೇ ಕೆಳಗಿಳಿಸಿದೆ. ಅವನನ್ನು ಬಸ್ಸಿಗೆ ಹತ್ತಿಸಿ, ಕಾರ್ಡನ್ನು ಕುಪ್ಪಸದಲ್ಲಿ ಇಟ್ಟುಕೊಂಡು, ಕೊಟ್ಟೂರಿಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದೆ.