ಕ್ಯಾಮೆರಾ ನಿಲ್ಲಿಸಿದ ಮೇಲೆ

ಇಪ್ಪತ್ತು ವರ್ಷ ಸಿಯಾಟಲ್‌ನ ಪತ್ರಿಕೆಯೊಂದಕ್ಕೆ ಫೋಟೊ ತೆಗೆದವಳು ನಾನು. ಬೆಂಕಿ, ಅಪಘಾತ, ಮುಷ್ಕರ, ಅಂತ್ಯಕ್ರಿಯೆ, ಏನೇ ಇರಲಿ, ಬೇಕಾದ ಒಂದು ಚಿತ್ರ ಸಿಕ್ಕಿತೋ, ಕ್ಯಾಮೆರಾ ಚೀಲಕ್ಕೆ ಸೇರಿಸಿ ಆಫೀಸಿಗೆ ಓಡುವುದು. ಅತ್ತವರು ಆಮೇಲೆ ಏನೆಂದರು ಎಂದು ನಿಂತು ಕೇಳಿದವಳಲ್ಲ. ಪತ್ರಿಕೆ ನಮ್ಮನ್ನೆಲ್ಲ ಕೆಲಸದಿಂದ ತೆಗೆದಾಗ, ಇನ್ನೇನು ಮಾಡಲಿ, ಸಾಕ್ಷ್ಯಚಿತ್ರ ಮಾಡುತ್ತೇನೆಂದು ಹೊರಟೆ. ಫೋಟೊ ತೆಗೆಯುವವಳಿಗೆ ಸಿನಿಮಾ ಏನು ಮಹಾ ಎಂಬ ಕೊಬ್ಬು ಬೇರೆ.

ಮೊದಲ ಚಿತ್ರಕ್ಕೆ ಆರಿಸಿಕೊಂಡದ್ದು ಸಿಯಾಟಲ್ ಪಕ್ಕದ ಮರ್ಸರ್ ಐಲ್ಯಾಂಡಿನ ಒಬ್ಬ ಹಿರಿಯರನ್ನು. ನಮ್ಮವರು ಇಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲದಲ್ಲೇ ದಾವಣಗೆರೆಯಿಂದ ಬಂದು ವಿಮಾನದ ರೆಕ್ಕೆಗಳ ವಿನ್ಯಾಸ ಮಾಡಿದವರು. ಈಗ ಕ್ಯಾನ್ಸರ್, ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದ್ದರು. ಒಬ್ಬಳೇ ಮಗಳು ಹತ್ತಿರದಲ್ಲೇ, ಫ್ರೀಮಾಂಟಿನಲ್ಲಿದ್ದರೂ ಅಪ್ಪನ ಮುಖ ನೋಡಿ ಆರು ವರ್ಷವಾಗಿತ್ತು. ತಾವು ಒಪ್ಪದ ಮದುವೆ ಮಾಡಿಕೊಂಡಳೆಂಬ ಸಿಟ್ಟಿಗೆ, ಹೆಂಡತಿ ಸತ್ತದ್ದನ್ನೂ ಅವರು ಮಗಳಿಗೆ ತಿಳಿಸಿದ್ದು ದಹನ ಮುಗಿದ ಮೇಲೆ.

ಚಿತ್ರದ ಸುದ್ದಿ ತಿಳಿದು ಮಗಳು ನನಗೆ ಕಾಲ್ ಮಾಡಿದಳು. "ಅಕ್ಕ, ಒಂದೇ ಒಂದು ಪ್ರಶ್ನೆ ಕೇಳಿ. ಅಮ್ಮ ಕೊನೇಲಿ ನನ್ನನ್ನ ಕೇಳಿದ್ಲಾ ಅಂತ. ನಾನು ಕೇಳಿದ್ರೆ ಅವರು ಫೋನ್ ಇಟ್ಬಿಡ್ತಾರೆ."

ಕೇಳಿದೆ. ಅವರು ಕಿಟಕಿಯಾಚೆಯ ಸರೋವರದ ಕಡೆ ತಿರುಗಿದರು. ಕೆಳತುಟಿ ನಡುಗಿತು, ಕಣ್ಣು ತುಂಬಿತು, ಕೆನ್ನೆಯ ಮೇಲೆ ಬೆಳಕು ಬಿತ್ತು. ಆಹಾ, ಸಿಕ್ಕಿತು! ನನ್ನ ಕೈ ತಾನಾಗಿಯೇ ಕ್ಯಾಮೆರಾ ನಿಲ್ಲಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇಪ್ಪತ್ತು ವರ್ಷದ ಚಾಳಿಯೂ ಹಾಗೇ.

ಆಮೇಲೆ ಅವರು ಬಾಯಿಬಿಟ್ಟರು. "ಕೇಳಿದ್ಲಮ್ಮ. ಮೂರು ದಿನ ಮಗಳ ಹೆಸರೇ ಜಪ. ಫೋನ್ ಕೈಯಲ್ಲೇ ಇತ್ತು, ನಾನು ಮಾಡ್ಲಿಲ್ಲ. ಪಾಪಿ ನಾನು. ತಪ್ಪಾಯ್ತು ಮಗಳೇ."

ಕ್ಯಾಮೆರಾ ನೋಡಿದೆ, ಕೆಂಪು ದೀಪ ಆರಿತ್ತು. "ಅಂಕಲ್, ಇನ್ನೊಂದ್ಸಲ ಹೇಳ್ತೀರಾ?"

"ಇದೇನು ನಾಟಕಾನಾ? ಹೇಳಿದ್ದಾಯ್ತಲ್ಲ, ಅವಳಿಗೆ ತೋರಿಸ್ಬಿಡು," ಎಂದು ಕಣ್ಣು ಮುಚ್ಚಿದರು. ಮುಖದಲ್ಲಿ ಭಾರ ಇಳಿಸಿದವರ ನೆಮ್ಮದಿ.

ಕ್ಯಾಮೆರಾ ನಿಂತಿತ್ತು ಅಂಕಲ್ ಎನ್ನಲು ನನಗೇನು ಧಾಡಿ? ನಾಚಿಕೆ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಹೊಸಬರ ತಪ್ಪು ಮಾಡಿದೆನೆಂದು ಒಪ್ಪಿಕೊಳ್ಳಲು ನಾಚಿಕೆ. ಶನಿವಾರ ಬಂದು ಹೇಗಾದರೂ ಇನ್ನೊಮ್ಮೆ ಹೇಳಿಸೋಣವೆಂದುಕೊಂಡೆ. ಅವರು ಗುರುವಾರವೇ ಹೋದರು.

ಮಗಳ ಮನೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ತುಟಿ ನಡುಗಿ ಕಣ್ಣು ತುಂಬುವಲ್ಲಿಗೆ ಮುಗಿಯಿತು. "ಮುಂದೆ?" ಎಂದಳು. ಮುಂದಿನದನ್ನು ನಾನೇ ಹೇಳಿದೆ, ಒಂದಕ್ಷರ ಬಿಡದೆ. ನನ್ನ ತಪ್ಪನ್ನೂ ಹೇಳಿದೆ.

ಅವಳು ಲ್ಯಾಪ್‌ಟಾಪ್ ಮುಚ್ಚಿ ನನ್ನತ್ತ ಸರಿಸಿದಳು. "ನಮ್ಮಪ್ಪ ಜನ್ಮದಲ್ಲಿ ಯಾರ ಹತ್ರಾನೂ ತಪ್ಪಾಯ್ತು ಅಂದೋರಲ್ಲ. ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರ ಅಕ್ಕ, ಗೊತ್ತಾಗತ್ತೆ. ಥ್ಯಾಂಕ್ಸ್."

"ದೇವರಾಣೆ ನಿಜ ಕಣೇ," ಎಂದು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿ, ಕುಡಿಯಲು ನೀರು ತಂದುಕೊಟ್ಟಳು.