ಅಳಿಸಿದ ಟಿಪ್ಪಣಿ ಸಾಲುಗಳು

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಎಲ್ಲವನ್ನೂ ಅನುಮಾನಿಸಬೇಕೆಂದು ವಿಶ್ವವಿದ್ಯಾಲಯ ಕಲಿಸಿತು. ನಾನು ನನ್ನಿಂದಲೇ ಶುರು ಮಾಡಿದೆ. ಹಾಗಾಗಿ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಟೈಪು ಮಾಡುವ ನೆಟ್‌ವರ್ಕ್ ಕಮ್ಯಾಂಡುಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತೇನೆ. ಬರೆಯುವ ಎಡಿಟರ್ ತಂತ್ರಾಂಶವನ್ನು ಸಿಂಗರಿಸುವುದರಲ್ಲೇ ಓದುವ ಹೊತ್ತು ಕಳೆದುಹೋಗುತ್ತದೆ, ಅದು ಬೇರೆ ಮಾತು. ಅಕ್ಷರದ ಬಣ್ಣ ಬದಲಿಸಿದ ದಿನ ಏನೋ ಕಲಿತವನಂತೆ ಹಾಯಾಗಿ ಮಲಗುತ್ತೇನೆ.

ಆ ಫೈಲು ನನ್ನೊಬ್ಬನದಲ್ಲ. ನನ್ನ ಹಾಗೆಯೇ ನಲವತ್ತು ದಾಟಿದ ಮೇಲೆ ದೂರಶಿಕ್ಷಣಕ್ಕೆ ಸೇರಿದ್ದ ಹರಿಹರದ ಗೆಳೆಯ ಹಾಲೇಶ ಭಾನುವಾರಗಳಂದು ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಗೆ ಓದಲು ಬರುತ್ತಿದ್ದ. ನಾನು ಕಮ್ಯಾಂಡು ಬರೆದರೆ ಅದರ ನೆತ್ತಿಯ ಮೇಲೆ ಅವನದೊಂದು ಟಿಪ್ಪಣಿ, ಕಂಪ್ಯೂಟರು ಓದದೆ ದಾಟಿಹೋಗುವ ಸಾಲು. ಇನ್ನೊಂದು ಕಂಪ್ಯೂಟರು ಓಗೊಡುತ್ತದೆಯೇ ಎಂದು ನೋಡುವ ‘ಪಿಂಗ್’ ಮೇಲೆ ಹೀಗೆ ಬರೆದಿದ್ದನೆಂದೇ ನನ್ನ ನೆನಪು: “ಬಾಗ್ಲ ಮುಂದ ನಿಂತು ಕೂಗೋದು. ಓ ಅನ್ಲಿಲ್ಲ ಅಂದ್ರ ಮನ್ಯಾಗ ಇಲ್ಲ ಅಂತಲ್ಲ.” ನಿಜವೇ, ಕೆಲವು ಯಂತ್ರಗಳು ಕೇಳಿಸಿಕೊಂಡೂ ಸುಮ್ಮನಿರುತ್ತವೆ.

ಒಂದು ಮಧ್ಯಾಹ್ನ ನನಗೆ ಅಚ್ಚುಕಟ್ಟಿನ ಹುಚ್ಚು ಹಿಡಿಯಿತು. ಟಿಪ್ಪಣಿ ಸಾಲುಗಳನ್ನೆಲ್ಲ ಒಂದೇ ಏಟಿಗೆ ಅಳಿಸಿದೆ. ಹಳೆಯ ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಫೈಲು ತೆಳ್ಳಗೆ, ಚೆಂದ ಕಂಡಿತು. ಹಾಲೇಶ ನಕ್ಕು, “ಮತ್ತೆ ಬರದ್ರಾತು ಬಿಡಪಾ” ಎಂದ. ಬರೆಯುವ ಮೊದಲೇ ಎದೆನೋವು ಬಂದು ತೀರಿಕೊಂಡ.

ಈಗ ಅವನ ಮಗಳು ಕಾವ್ಯ ಅದೇ ವಿಷಯ ಓದುತ್ತಿದ್ದಾಳೆ. ಅಪ್ಪ ಬರೆದದ್ದನ್ನು ಕಳಿಸಿ ಎಂದು ಕೇಳಿದಳು. ಫೈಲಿನಲ್ಲಿ ಉಳಿದಿದ್ದ ಬರೀ ಕಮ್ಯಾಂಡುಗಳನ್ನು ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

“ಇದು ಎಲ್ಲಾ ಕಡೆ ಸಿಗ್ತೈತಲ್ರಿ ಅಂಕಲ್. ಅಪ್ಪಂದು ಎಲ್ಲೈತೆ?”

ಆದದ್ದನ್ನು ಹೇಳಿದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು “ಹೌದಾ” ಎಂದಷ್ಟೇ ಹೇಳಿ ಫೋನಿಟ್ಟಳು.

ಅಂದಿನಿಂದ ಹಾಲೇಶನ ಸಾಲುಗಳನ್ನು ನೆನೆನೆನೆದು ಬರೆಯುತ್ತ ಕೂತೆ. ಒಂದು ಹೊಳೆದರೆ ಸಂತೋಷ, ಬೆನ್ನಿಗೇ ಅನುಮಾನ: ಇದು ಅವನದೋ, ಅವನ ದನಿಯಲ್ಲಿ ನಾನೇ ಕಟ್ಟಿದ್ದೋ? ನೆನಪು ಮರೆಯುವುದಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಅದು ತಿದ್ದುತ್ತದೆ, ಒಪ್ಪ ಮಾಡುತ್ತದೆ, ನನ್ನ ಹಾಗೆಯೇ.

ಬರೆದಷ್ಟನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ಹರಿಹರಕ್ಕೆ ಹೋದೆ. ಓದುತ್ತ ಹೋದ ಕಾವ್ಯ ಒಂದು ಸಾಲಿಗೆ ಬಂದು ನಿಂತಳು.

“ಇದು ಅಪ್ಪಂದಲ್ಲ ಬಿಡ್ರಿ. ಅವ್ರು ಇಷ್ಟುದ್ದ ಬರ್ಯೋರಲ್ಲ.”

ನಾನು ಅಳಿಸಲು ಕೈ ಚಾಚಿದೆ. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇರ್ಲಿ ಅಂಕಲ್, ನಿಮ್ದೂ ಇರ್ಲಿ. ಅಳ್ಸೋ ಕೆಲ್ಸ ಮಾತ್ರ ನಿಮ್ಗೆ ಕೊಡಬಾರ್ದು.”